ಶಾನುಭೋಗರ ಕಡತ, ಡಾಕ್ಟರ ಚಾರ್ಟು

"ಸಾರ್, ಈ ಸಲ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಎರಡೂ ಬೇಡ. ಬೇರೆ ಏನಾದ್ರೂ ಬರೆದುಕೊಡಿ" ಎಂದು ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯ ಗೆಳೆಯರೊಬ್ಬರು ಫೋನ್ ಮಾಡಿದಾಗ ನಾನು ಡೆಲ್ ಮಾರ್‌ನ ಸಮುದ್ರದ ದಂಡೆಯ ಮೇಲೆ ಸಂಜೆಯ ವಾಕಿಂಗ್‌ನಲ್ಲಿದ್ದೆ. ಇಲ್ಲಿಗೆ ಬಂದವರಿಗೆ ಗೊತ್ತು, ಕೆಳಗೆ ಸಮುದ್ರ, ಮೇಲೆ ಮಣ್ಣಿನ ದಿಬ್ಬ, ದಿಬ್ಬದ ಅಂಚಿನಲ್ಲೇ ಲಾಸ್ ಏಂಜಲೀಸಿಗೆ ಹೋಗುವ ರೈಲಿನ ಹಳಿ. ದಿಬ್ಬ ವರ್ಷ ವರ್ಷವೂ ಕುಸಿಯುತ್ತಿದೆ. ಹಳಿಯನ್ನು ಒಳಕ್ಕೆ ಸರಿಸಬೇಕು ಎಂಬುದರಲ್ಲಿ ಹೆಚ್ಚಿನವರಿಗೆ ತಕರಾರಿಲ್ಲ. ಎಲ್ಲಿಗೆ ಎಂದು ಕೇಳಿದರೆ ಮಾತ್ರ ಎಲ್ಲರಿಗೂ ತಕರಾರು.

"ಹಾಗಾದ್ರೆ ಏನು ಬರೀಲಿ?" ಎಂದೆ.

"ನಿಮ್ಮ ಕ್ಲಿನಿಕ್ಕಲ್ಲಿ ಕಾಗದ ಬಿಡಿಸಿ ಕಂಪ್ಯೂಟರ್ ತಂದ್ರಲ್ಲ, ಅದನ್ನೇ ಬರೀರಿ. ನಮ್ಮ ಸಂಘದಲ್ಲೂ ಹಬ್ಬದ ಊಟಕ್ಕೆ ಆನ್‌ಲೈನ್ ಟಿಕೆಟ್ ಮಾಡೋಣ ಅಂತ ಹೊರಟಿದ್ದೀವಿ. ಈಗಾಗ್ಲೇ ಎರಡು ಪಕ್ಷ ಆಗಿದೆ!"

ಒಪ್ಪಿಕೊಂಡೆ. ಆದರೆ ಆ ಕಥೆಯನ್ನು ಸ್ಯಾನ್ ಡಿಯಾಗೋದಿಂದ ಶುರು ಮಾಡಲು ನನಗೆ ಬರುವುದಿಲ್ಲ. ಅದು ಶುರುವಾಗುವುದು ತುಮಕೂರು ಜಿಲ್ಲೆಯ ನಮ್ಮ ಹಳ್ಳಿಯ ಒಂದು ಜಗಲಿಯ ಮೇಲೆ.

ನಮ್ಮ ತಾತ ಶಾನುಭೋಗರಾಗಿದ್ದರು. ಅವರ ತಂದೆಯೂ ಶಾನುಭೋಗರೇ. ಯಾರ ಹೊಲ ಎಷ್ಟು ಗುಂಟೆ, ಯಾವ ಬೆಳೆ, ಎಷ್ಟು ಕಂದಾಯ, ಎಲ್ಲವೂ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಡತದಲ್ಲಿ ನಮ್ಮ ಮನೆಯ ಅಟ್ಟದ ಮೇಲೆ ಇರುತ್ತಿತ್ತಂತೆ. ವಂಶಪಾರಂಪರ್ಯವಾದ ಗ್ರಾಮಾಧಿಕಾರವನ್ನು ರದ್ದು ಮಾಡುವ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಕಡತಗಳು ಎತ್ತಿನ ಗಾಡಿಯಲ್ಲಿ ನಮ್ಮ ಮನೆಯಿಂದ ಹೊರಟುಹೋದವು. ನಾನು ಹುಟ್ಟುವುದಕ್ಕೆ ಆರು ವರ್ಷ ಮುಂಚಿನ ಮಾತು. ಆದರೂ ಅಜ್ಜಿ ಹೇಳಿ ಹೇಳಿ ಆ ಗಾಡಿಯನ್ನು ನಾನೇ ಕಂಡಂತೆ ಅನ್ನಿಸುತ್ತದೆ. ಶಾನುಭೋಗರ ಜಾಗಕ್ಕೆ ಸರ್ಕಾರಿ ಸಂಬಳದ ಗ್ರಾಮಲೆಕ್ಕಿಗರು ಬಂದರು. ಊರಿನ ಜನ ಅವರನ್ನೂ ಶಾನುಭೋಗರೆಂದೇ ಕರೆದರು. ಹುದ್ದೆ ಬದಲಾಯಿತು, ಕಡತ ಒಬ್ಬರ ಮನೆಯಲ್ಲಿರುವುದು ಬದಲಾಗಲಿಲ್ಲ.

ನಮ್ಮ ತಂದೆಯವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಅಣ್ಣ ಹೈಸ್ಕೂಲು ಮೇಷ್ಟ್ರು. ಜೊತೆಗೆ ಒಂದಿಷ್ಟು ತೆಂಗಿನ ತೋಟ. ಸೊಸೈಟಿಯಲ್ಲಿ ಸಾಲ ಬೇಕೆಂದರೆ ಪಹಣಿ ಬೇಕು. ಎಂಬತ್ತರ ದಶಕದಲ್ಲಿ ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ನಾನೂ ಗ್ರಾಮಲೆಕ್ಕಿಗರ ಮನೆಗೆ ಹೋಗುತ್ತಿದ್ದೆ. ಅವರಿಗೆ ನಾಲ್ಕು ಹಳ್ಳಿಯ ಜವಾಬ್ದಾರಿ. ಮನೆಯಲ್ಲಿ ಸಿಕ್ಕರೆ ನಮ್ಮ ಪುಣ್ಯ. "ನಾಳೆ ಬನ್ನಿ ಮೇಷ್ಟ್ರೇ, ಪುಸ್ತಕ ತಾಲ್ಲೂಕು ಕಚೇರೀಲಿದೆ" ಎನ್ನುವುದು ಮಾಮೂಲು ಉತ್ತರ. ಮೂರನೆಯ ಸಲಕ್ಕೆ ಅಣ್ಣ ಜೇಬಿನಿಂದ ಮಡಿಸಿದ ನೋಟು ತೆಗೆದು, ನನ್ನ ಕಡೆ ನೋಡದೆ, ಪುಸ್ತಕದ ಕೆಳಗಿಟ್ಟರು. ಪುಸ್ತಕ ಅಲ್ಲೇ ಇತ್ತು! ವಾಪಸ್ಸು ಬರುವಾಗ ಬಹಳ ಹೊತ್ತು ಅವರು ಮಾತನಾಡಲಿಲ್ಲ. ಕೆರೆ ಏರಿ ದಾಟಿದ ಮೇಲೆ, "ನಮ್ಮಪ್ಪನ ಕಾಲದಲ್ಲೂ ಜನ ಹೀಗೇ ಕಾದಿರ್ತಾರೆ ಕಣೋ, ನಮ್ಮ ಜಗಲಿ ಮೇಲೆ" ಎಂದರು.

ಈಗ ಒಂದಿಷ್ಟು ಚರಿತ್ರೆ. ಕರ್ನಾಟಕದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ತೊಂಬತ್ತರ ದಶಕದ ಆರಂಭದಲ್ಲೇ ಒಮ್ಮೆ ನಡೆದಿತ್ತು. ಮಾಹಿತಿಯನ್ನೆಲ್ಲ ತುಂಬಿಸಿದರು, ಆದರೆ ಗ್ರಾಮಲೆಕ್ಕಿಗರ ಕೈಬರಹದ ಪುಸ್ತಕವೂ ಹಾಗೇ ಮುಂದುವರಿಯಿತು. ಜಮೀನು ಮಾರಾಟವಾದಾಗ, ಅಣ್ಣತಮ್ಮಂದಿರು ಭಾಗವಾದಾಗ, ಬದಲಾವಣೆ ಪುಸ್ತಕಕ್ಕೆ ಏರುತ್ತಿತ್ತು, ಕಂಪ್ಯೂಟರಿಗೆ ಏರುತ್ತಿರಲಿಲ್ಲ. ಕೆಲವೇ ತಿಂಗಳಲ್ಲಿ ಕಂಪ್ಯೂಟರಿನಲ್ಲಿದ್ದದ್ದು ಹಳೇ ಪಂಚಾಂಗವಾಯಿತು.

ಎರಡನೆಯ ಪ್ರಯತ್ನವೇ 'ಭೂಮಿ'. ಎಸ್. ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲ, ಕಂದಾಯ ಇಲಾಖೆಯಲ್ಲಿ ಅದರ ಹೊಣೆ ಹೊತ್ತವರು ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿ. ಸುಮಾರು 9,000 ಗ್ರಾಮಲೆಕ್ಕಿಗರ ಬಳಿ ಹರಡಿಹೋಗಿದ್ದ, 67 ಲಕ್ಷ ಭೂಮಾಲೀಕರ, ಸುಮಾರು 2 ಕೋಟಿ ಪಹಣಿಗಳನ್ನು 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳ ಕಂಪ್ಯೂಟರಿಗೆ ಏರಿಸಿದ್ದರು, ಅದೂ ಕನ್ನಡದಲ್ಲಿ. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಕೈಗೆ ಬರುತ್ತಿತ್ತು.

ಸಂಖ್ಯೆಗಿಂತ ನನಗೆ ಮುಖ್ಯವೆನಿಸುವುದು ಅವರು ಮಾಡಿದ ಮೂರು ನಾಲ್ಕು ಸಣ್ಣ ಕೆಲಸ. ಒಂದು ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ಶುರುವಾದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಕಾನೂನಿನ ಬೆಲೆಯೇ ಇಲ್ಲವೆಂದು ಮಾಡಿದರು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ನಡುವೆ ನುಗ್ಗಿಸಲು ಕಂಪ್ಯೂಟರ್ ಬಿಡುವುದಿಲ್ಲ. ಸಿಬ್ಬಂದಿ ಒಳಗೆ ಹೋಗಬೇಕಾದರೆ ಬೆರಳಚ್ಚು ಒತ್ತಬೇಕು, ನಾಳೆ "ನಾನಲ್ಲ" ಎನ್ನುವಂತಿಲ್ಲ. ಇನ್ನೊಂದು, ಕಿಟಕಿಯಲ್ಲಿ ಎರಡು ಪರದೆ ಇಟ್ಟರು. ಒಂದು ಗುಮಾಸ್ತರ ಕಡೆಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ. ತನ್ನ ಜಮೀನಿನ ಬಗ್ಗೆ ಸರ್ಕಾರ ಏನು ಬರೆದುಕೊಂಡಿದೆ ಎಂಬುದನ್ನು ರೈತ ನಿಂತಲ್ಲೇ ಓದಬಹುದಾಗಿತ್ತು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರಲ್ಲಿ ಸಮೀಕ್ಷೆ ಮಾಡಿದಾಗ, ಹಳೆಯ ವ್ಯವಸ್ಥೆಯಲ್ಲಿ ಲಂಚ ಕೊಟ್ಟೆವೆಂದವರು ಮೂರರಲ್ಲಿ ಇಬ್ಬರು, ಭೂಮಿ ಕೇಂದ್ರದಲ್ಲಿ ಕೊಟ್ಟೆವೆಂದವರು ನೂರಕ್ಕೆ ಮೂವರು.

ಇದೆಲ್ಲ ನಡೆಯುವಾಗ ನಾನು ಭಾರತದಲ್ಲೇ ಇರಲಿಲ್ಲ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್., ಬೆಂಗಳೂರಿನಲ್ಲಿ ಎಂ.ಡಿ. ಮುಗಿಸಿ, ಇಲ್ಲಿಗೆ ಬಂದು ಮತ್ತೆ ಮೊದಲಿನಿಂದ ರೆಸಿಡೆನ್ಸಿ ಮಾಡುವ ಸಂಭ್ರಮದಲ್ಲಿದ್ದೆ. (ಆ ಸಂಭ್ರಮ ಎಂಥದೆಂದು ಇಲ್ಲಿನ ಡಾಕ್ಟರ ಹೆಂಡತಿಯರನ್ನು ಕೇಳಿ.) ಅಣ್ಣ ಫೋನಿನಲ್ಲಿ "ಈಗ ಪಹಣಿ ಕಿಟಕೀಲಿ ಸಿಗತ್ತೆ ಕಣೋ" ಎಂದಾಗ "ಹೌದಾ, ಒಳ್ಳೇದಾಯ್ತು" ಎಂದು ಮಾತು ಬದಲಿಸಿದ್ದೆ.

ನಾನು ಸ್ಯಾನ್ ಡಿಯಾಗೋಗೆ ಬಂದು ಸೇರಿದ್ದು ಮೂರು ಕಡೆ ಶಾಖೆಗಳಿದ್ದ ಒಂದು ಮಧ್ಯಮ ಗಾತ್ರದ ವೈದ್ಯರ ಬಳಗ. ಆಗ ಎಲ್ಲವೂ ಕಾಗದ. ರೋಗಿಯ ಚಾರ್ಟು ಒಂದು ಶಾಖೆಯಲ್ಲಿ, ರೋಗಿ ಇನ್ನೊಂದರಲ್ಲಿ. ಒಂದು ಶುಕ್ರವಾರ ಸಂಜೆ ನನ್ನ ಎಪ್ಪತ್ತೆಂಟು ವರ್ಷದ ರೋಗಿಯೊಬ್ಬರು ಮೂತ್ರದ ಸೋಂಕೆಂದು ಹತ್ತಿರದ ಶಾಖೆಗೆ ಹೋದರು. ಚಾರ್ಟು ನನ್ನ ಶಾಖೆಯಲ್ಲಿತ್ತು. ಅಲ್ಲಿದ್ದ ವೈದ್ಯರು ಕೇಳಿದರು, ಅಜ್ಜಿ ರಕ್ತ ತೆಳುವಾಗಿಸುವ ವಾರ್ಫರಿನ್ ಹೆಸರನ್ನು ಹೇಳಲು ಮರೆತರು. ಸಲ್ಫಾ ಇರುವ ಆಂಟಿಬಯಾಟಿಕ್ ಬರೆದುಕೊಟ್ಟರು. ಅದೂ ವಾರ್ಫರಿನ್ನೂ ಸೇರಿದರೆ ರಕ್ತ ಹೆಪ್ಪುಗಟ್ಟುವುದೇ ಕಷ್ಟ. ಐದನೇ ದಿನ ರಕ್ತಸ್ರಾವವಾಗಿ ಆಸ್ಪತ್ರೆ ಸೇರಿದರು. ಉಳಿದುಕೊಂಡರು. ನಾನು ನೋಡಲು ಹೋದಾಗ ಅವರ ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಔಷಧಿ ಅಂಗಡಿಯವನಿಗೆ ಗೊತ್ತಿರೋದು, ನಿಮ್ಮ ನಿಮ್ಮಲ್ಲೇ ಯಾಕೆ ಗೊತ್ತಿರಲಿಲ್ಲ?" ಅವಳು ಬೇರೊಂದು ಅಂಗಡಿಯಲ್ಲಿ ಔಷಧಿ ಕೊಂಡಿದ್ದಳು. ಅದನ್ನು ಹೇಳುವ ಬಾಯಿ ನನಗೆ ಬರಲಿಲ್ಲ.

2009ರಲ್ಲಿ ಅಮೆರಿಕ ಸರ್ಕಾರ ಹೈಟೆಕ್ ಕಾಯ್ದೆ ತಂದಿತು. ಕಂಪ್ಯೂಟರ್ ದಾಖಲೆಗೆ ಬದಲಾಗುವ ವೈದ್ಯರಿಗೆ ಮೆಡಿಕೇರ್ ಮೂಲಕ ಐದು ವರ್ಷದಲ್ಲಿ ತಲಾ 44,000 ಡಾಲರ್‌ವರೆಗೆ ಪ್ರೋತ್ಸಾಹ ಧನ, ತಡ ಮಾಡಿದವರಿಗೆ ಮುಂದೆ ಕಡಿತ. ನಮ್ಮ ಬಳಗದ ಸಭೆಯಲ್ಲಿ ಇದರ ನೇತೃತ್ವಕ್ಕೆ ನನ್ನ ಹೆಸರು ಬಂತು. ಕಾರಣ ಕೇಳಿದರೆ ನಗುತ್ತೀರಿ: "ನೀನು ಬೆಂಗಳೂರಿನವನು, ನಿನಗೆ ಕಂಪ್ಯೂಟರ್ ಗೊತ್ತಿರುತ್ತದೆ." ನನಗೆ ಆಗ ಮನೆಯ ಪ್ರಿಂಟರ್ ರಿಪೇರಿ ಮಾಡಲೂ ಮಗಳು ಬೇಕಿತ್ತು.

ಮೊದಲ ಪ್ರಯತ್ನ 2011ರಲ್ಲಿ. ಯಾರ ಮನಸ್ಸೂ ನೋಯಬಾರದು ಎಂದು ನಾನೊಂದು ಬುದ್ಧಿವಂತಿಕೆ ಮಾಡಿದೆ. ಆರು ತಿಂಗಳು ಎರಡೂ ಇರಲಿ, ಇಷ್ಟ ಇದ್ದವರು ಕಂಪ್ಯೂಟರ್, ಇಷ್ಟ ಇಲ್ಲದವರು ಕಾಗದ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೂರು ತಿಂಗಳಲ್ಲಿ ಅರ್ಧ ಮಾಹಿತಿ ಅಲ್ಲಿ, ಅರ್ಧ ಇಲ್ಲಿ. ಮೊದಲು ಒಂದು ಕಡೆ ಹುಡುಕುತ್ತಿದ್ದ ನರ್ಸುಗಳು ಈಗ ಎರಡು ಕಡೆ ಹುಡುಕಬೇಕಾಯಿತು. ನವೆಂಬರಿನಲ್ಲಿ ಕಂಪ್ಯೂಟರ್ ನಿಲ್ಲಿಸಿದೆವು. ಚಪ್ಪಾಳೆ ತಟ್ಟಿದವರೇ "ಮೊದಲೇ ಹೇಳಿದ್ದೆವು" ಎಂದರು. ಆಡಳಿತ ಮಂಡಳಿಯ ಅಧ್ಯಕ್ಷರು, ಜೂನ್ ಒಳಗೆ ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ನಯವಾಗಿಯೇ ಹೇಳಿದರು.

ಆ ಡಿಸೆಂಬರ್‌ನಲ್ಲಿ ಊರಿಗೆ ಹೋದೆ. ಅಣ್ಣನಿಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸವಿತ್ತು, ಜೊತೆಗೆ ಹೋದೆ. ಕಿಟಕಿಯ ಮುಂದಿನ ಸಾಲಿನಲ್ಲಿ ನಮ್ಮ ಹಳೆಯ ಗ್ರಾಮಲೆಕ್ಕಿಗರು ನಿಂತಿದ್ದರು! ನಿವೃತ್ತರಾಗಿ ವರ್ಷಗಳಾಗಿದ್ದವು. ತಮ್ಮದೇ ಜಮೀನಿನ ಪಹಣಿಗೆ ಹದಿನೈದು ರೂಪಾಯಿ ಹಿಡಿದು ಸಾಲಿನಲ್ಲಿ ನಿಂತಿದ್ದಾರೆ. ಅಣ್ಣನನ್ನು ಕಂಡು ಕೈ ಮುಗಿದರು. ಎದುರಿನ ಹೋಟೆಲಿನಲ್ಲಿ ಕಾಫಿಗೆ ಕೂತೆವು. ನನಗೆ ಹಳೆಯ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಸ್ವಲ್ಪ ಕೆಣಕುವಂತೆಯೇ ಕೇಳಿದೆ: "ಭೂಮಿ ಬಂದಾಗ ನಿಮಗೆ ಬೇಜಾರಾಗಲಿಲ್ವೇ?"

"ಆಗದೇ ಇರ್ತದಾ ಡಾಕ್ಟ್ರೇ? ಕಂಪ್ಯೂಟ್ರು ಕೆಟ್ಟೋಗ್ಲಿ ಅಂತ ಹರಕೆ ಹೊತ್ತೋರು ನಾವು. ಆದ್ರೆ ಅವರೊಂದು ಕೆಲಸ ಮಾಡಿದ್ರು. ಟೈಪ್ ಮಾಡಿದ್ದನ್ನೆಲ್ಲ ಪ್ರಿಂಟ್ ತೆಗೆದು ನಮ್ಮ ಮುಂದೇನೇ ಇಟ್ರು. ನಿಮ್ಮ ಪುಸ್ತಕಕ್ಕೆ ತಾಳೆ ನೋಡಿ, ತಪ್ಪು ತಿದ್ದಿ, ಸೈನ್ ಹಾಕಿ ಅಂದ್ರು. ರಾತ್ರಿಯೆಲ್ಲ ಕೂತು ತಿದ್ದಿದೀನಿ. ತಿದ್ದೀ ತಿದ್ದೀ ಕೊನೆಗೆ ಅದು ನಂದೇ ಲೆಕ್ಕ ಅನ್ನಿಸ್ತು. ಆಮೇಲೆ ತಪ್ಪು ಅಂತ ಯಾರಾದ್ರೂ ಅಂದ್ರೆ ನಾನೇ ಜಗಳಕ್ಕೆ ಹೋಗ್ತಿದ್ದೆ." ಸ್ವಲ್ಪ ತಡೆದು ಮತ್ತೆ ಹೇಳಿದರು: "ಪುಸ್ತಕ ನಿಂತೋಯ್ತು ಅಂತ ಗೊತ್ತಾದ ಮೇಲೆ ದಾರಿ ಒಂದೇ ಅಲ್ವಾ? ಎರಡು ದೋಣಿ ಇದ್ದಿದ್ರೆ ನಾವು ಹಳೇದನ್ನ ಬಿಡ್ತಾನೇ ಇರ್ಲಿಲ್ಲ."

ಕಾಫಿಯ ದುಡ್ಡು ಅವರೇ ಕೊಟ್ಟರು, ಎಷ್ಟು ಹೇಳಿದರೂ ಕೇಳಲಿಲ್ಲ. ಎದ್ದು ಹೋಗುವಾಗ "ಈಗ ನಮ್ಮನೆ ಕಡೆ ಯಾರೂ ಬರಲ್ಲ ಮೇಷ್ಟ್ರೇ" ಎಂದು ಅಣ್ಣನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಮ್ಮ ಅಜ್ಜಿಯೂ ಎತ್ತಿನ ಗಾಡಿಯ ಕಥೆಯನ್ನು ಇದೇ ದನಿಯಲ್ಲಿ ಹೇಳುತ್ತಿದ್ದರು.

ಭೂಮಿಯೇನು ದೋಷವಿಲ್ಲದ್ದಲ್ಲ, ಅದನ್ನೂ ಹೇಳಿಬಿಡುತ್ತೇನೆ. ದಾಖಲೆ ಒಂದೆಡೆ ಸೇರಿದ್ದರಿಂದ ಬೆಂಗಳೂರಿನ ಸುತ್ತ ಜಮೀನು ಹುಡುಕುವ ದೊಡ್ಡ ಕುಳಗಳಿಗೆ ಹೆಚ್ಚು ಅನುಕೂಲವಾಯಿತೆಂದು ಸಾಲೊಮನ್ ಬೆಂಜಮಿನ್ ಮತ್ತವರ ಜೊತೆಗಾರರು 2007ರಲ್ಲಿ ಬರೆದರು. ಅಣ್ಣ ಅವತ್ತು ಕಚೇರಿಗೆ ಹೋದದ್ದೂ ಒಂದು ತಪ್ಪಿನ ಸಲುವಾಗಿಯೇ. ನಮ್ಮ ತೋಟ ಎರಡು ಎಕರೆ ಮೂವತ್ತೊಂದು ಗುಂಟೆ, ಪಹಣಿಯಲ್ಲಿ ಹದಿಮೂರು ಗುಂಟೆ ಎಂದಿತ್ತು. ಯಾರೋ ಅಂಕಿ ಹಿಂದುಮುಂದು ಮಾಡಿದ್ದರು. ಅದನ್ನು ತಿದ್ದಿಸಲು ಅಣ್ಣ ಹದಿನಾಲ್ಕು ತಿಂಗಳು ಅಲೆದರು. "ಮೊದಲು ತಪ್ಪು ಮಾಡಿದವನ ಮನೆ ಗೊತ್ತಿರ್ತಿತ್ತು" ಎನ್ನುತ್ತಿದ್ದರು.

ಜನವರಿಯಲ್ಲಿ ವಾಪಸ್ಸು ಬಂದವನು ಎಲ್ಲವನ್ನೂ ಹೊಸದಾಗಿ ಶುರು ಮಾಡಿದೆ. ಈ ಸಲ ವೈದ್ಯರನ್ನು ಬಿಟ್ಟು ಮೊದಲು ಹೋದದ್ದು ನಮ್ಮ ಹಿರಿಯ ಮೆಡಿಕಲ್ ಅಸಿಸ್ಟೆಂಟ್ ಬಳಿಗೆ. ಫಿಲಿಪೀನ್ಸ್ ಮೂಲದ ಆಕೆ ಇಪ್ಪತ್ತು ವರ್ಷದಿಂದ ಅಲ್ಲಿದ್ದವರು. ಯಾವ ಡಾಕ್ಟರು ಯಾವಾಗ ಸಿಡುಕುತ್ತಾರೆ ಎಂಬುದರಿಂದ ಹಿಡಿದು ಎಲ್ಲವೂ ಗೊತ್ತು. "ಹೋದ ಸಲ ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ" ಎಂದರು. ನಿಜ, ಕೇಳಿರಲಿಲ್ಲ. ಪ್ರತಿ ಶಾಖೆಯಿಂದ ಇಬ್ಬರನ್ನು ಅವರೇ ಆರಿಸಿದರು, ತರಬೇತಿ ಅವರಿಗೆ ಮೊದಲು. ಪ್ರತಿ ವೈದ್ಯರ ಮುಂದೆ ಅವರವರ ರೋಗಿಗಳ ಔಷಧಿ ಮತ್ತು ಅಲರ್ಜಿಯ ಪಟ್ಟಿಯ ಪ್ರಿಂಟು ಇಟ್ಟೆವು: ತಿದ್ದಿ, ಸೈನ್ ಹಾಕಿ. ಗೊಣಗಿದರು, ತಿದ್ದಿದರು. ಮೊದಲ ಎರಡು ವಾರ ರೋಗಿಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದೆವು. ಅದರ ನಷ್ಟಕ್ಕೆ ಮಂಡಳಿಯನ್ನು ಒಪ್ಪಿಸಲು ಪಟ್ಟ ಪಾಡು ನನ್ನ ಎಂ.ಡಿ. ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ. ಪ್ರತಿ ಕೋಣೆಯಲ್ಲಿ ರೋಗಿಯ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಬೇಕೆಂದು ಹಟ ಹಿಡಿದೆ. ಈ ಉಪಾಯ ಎಲ್ಲಿಂದ ಬಂತೆಂದು ಎಲ್ಲರೂ ಕೇಳಿದರು. "ನಮ್ಮೂರಿನ ತಾಲ್ಲೂಕು ಕಚೇರಿಯಿಂದ" ಎಂದೆ. ತಮಾಷೆ ಎಂದುಕೊಂಡರು.

2012ರ ಜೂನ್ ತಿಂಗಳ ಒಂದು ಸೋಮವಾರ ಬೆಳಗ್ಗೆ ಚಾರ್ಟು ಕೋಣೆಗೆ ಬೀಗ ಹಾಕಿದೆವು. ಬೀಗದ ಕೈ ಆ ಮೆಡಿಕಲ್ ಅಸಿಸ್ಟೆಂಟ್ ಕೊರಳಲ್ಲಿತ್ತು. ನಾನು ಕೇಳಿದರೂ ಕೊಡಲಿಲ್ಲ, ಪುಣ್ಯಾತ್ಗಿತ್ತಿ!

(ಸಂಘದ ಗೆಳೆಯರಿಗೆ ಇಲ್ಲೇ ಒಂದು ಮಾತು. ಗೇಟಿನಲ್ಲಿ ಕ್ಯಾಶ್ ಡಬ್ಬಿ ಇಟ್ಟುಕೊಂಡೇ ಆನ್‌ಲೈನ್ ಟಿಕೆಟ್ ಮಾಡಿದರೆ ಹೋಳಿಗೆ ಎಷ್ಟು ಬೇಕೆಂದು ಅಡುಗೆಯವರಿಗೆ ಕೊನೆಯವರೆಗೂ ಗೊತ್ತಾಗುವುದಿಲ್ಲ. ಡಬ್ಬಿ ತೆಗೆಯಿರಿ. ಆದರೆ ಊರಿನಿಂದ ಬಂದ ಅಪ್ಪ ಅಮ್ಮಂದಿರಿಗೆ ಟಿಕೆಟ್ ಮಾಡಿಕೊಡಲು ಇಬ್ಬರು ಹುಡುಗರನ್ನು ನಿಲ್ಲಿಸಿ.)

ಎಲ್ಲರೂ ಬಂದರು, ಒಬ್ಬರನ್ನು ಬಿಟ್ಟು. ನಮ್ಮ ಬಳಗವನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರಾದ ಹಿರಿಯ ವೈದ್ಯರು. ಅರವತ್ತೆಂಟು ವರ್ಷ. ನಾನು ಹೊಸದಾಗಿ ಬಂದಾಗ ನನ್ನ ಉಚ್ಚಾರಣೆ ಅರ್ಥವಾಗದ ರೋಗಿಗಳಿಗೆ "ಇವನು ನನಗಿಂತ ಚೆನ್ನಾಗಿ ಎದೆಬಡಿತ ಕೇಳಿಸಿಕೊಳ್ಳುತ್ತಾನೆ" ಎಂದು ಹೇಳಿ ನನ್ನ ಬಳಿ ಕಳಿಸಿದವರು. ಎರಡು ಬೆರಳಲ್ಲಿ ಟೈಪ್ ಮಾಡುತ್ತಾ ರೋಗಿಯ ಮುಖ ನೋಡಲಾಗದೆ ಒದ್ದಾಡಿದರು. ಒಂದು ಮಧ್ಯಾಹ್ನ ನನ್ನ ಕೋಣೆಗೆ ಬಂದು, ಮುಂದಿನ ವರ್ಷದವರೆಗೆ ತಮಗೊಬ್ಬರಿಗೆ ಕಾಗದ ಬಿಡಬಹುದೇ ಎಂದು ಕೇಳಿದರು. ಕೇಳಿದವರು ಅವರು, ಬೆವರಿದವನು ನಾನು. ಆಗುವುದಿಲ್ಲ ಎಂದೆ. ಒಬ್ಬರಿಗೆ ಬಿಟ್ಟರೆ ನಾಳೆ ಆರು ಜನ, ನಾಡಿದ್ದು ಮತ್ತೆ 2011. ಅವರು ತಲೆಯಾಡಿಸಿ ಹೋದರು. ಡಿಸೆಂಬರಿನಲ್ಲಿ ನಿವೃತ್ತರಾದರು.

ಪಕ್ಕದಲ್ಲಿ ಕೂತು ಬರೆದುಕೊಳ್ಳಲು ಅವರಿಗೊಬ್ಬ ಹುಡುಗನನ್ನು ಕೊಡಬಹುದಿತ್ತು, ಎಷ್ಟೋ ಕಡೆ ಹಾಗೆ ಮಾಡುತ್ತಾರೆ. ನನಗದು ಹೊಳೆದದ್ದು ಅವರ ಬೀಳ್ಕೊಡುಗೆಯ ದಿನ, ಕೈಯಲ್ಲಿ ಕೇಕಿನ ತಟ್ಟೆ ಹಿಡಿದಾಗ.

ವೈದ್ಯರಾದವರಿಗೆಲ್ಲ ಸೆಮ್ಮೆಲ್‌ವೈಸ್‌ನ ಕಥೆ ಗೊತ್ತು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ವೈದ್ಯರಿಗೆ ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿ ಬಾಣಂತಿಯರ ಸಾವನ್ನು ಬಹಳವಾಗಿ ಇಳಿಸಿದವನು. ಎರಡು ವರ್ಷದಲ್ಲಿ ಕೆಲಸ ಕಳೆದುಕೊಂಡ. ಆಮೇಲೆ ಬಹಿರಂಗ ಪತ್ರಗಳಲ್ಲಿ ದೊಡ್ಡ ದೊಡ್ಡ ಪ್ರೊಫೆಸರುಗಳನ್ನು ಕೊಲೆಗಾರರೆಂದು ಕರೆದ. 1865ರಲ್ಲಿ ಹುಚ್ಚಾಸ್ಪತ್ರೆಯಲ್ಲಿ ತೀರಿಕೊಂಡ. ಕಾಲೇಜಿನಲ್ಲಿ ಓದಿದಾಗ ತಪ್ಪೆಲ್ಲ ಆ ಪ್ರೊಫೆಸರುಗಳದ್ದೆಂದು ನನಗೆ ಅನ್ನಿಸಿತ್ತು. ಈಗ ಓದಿದರೆ ಅಷ್ಟು ಖಚಿತವಾಗಿ ಹೇಳಲಾರೆ. ನಿಮ್ಮ ಕೈಯಿಂದಲೇ ಈ ತಾಯಂದಿರು ಸತ್ತರು ಎಂಬ ಮಾತನ್ನು ಯಾರು ತಾನೇ ಸುಲಭವಾಗಿ ಒಪ್ಪುತ್ತಾರೆ?

ಕಂಪ್ಯೂಟರ್ ಬಂದಮೇಲೆ ಎಲ್ಲ ಸುಖವಾಯಿತೆಂದರೆ ಸುಳ್ಳು. ವಾರ್ಫರಿನ್ ಜೊತೆ ಸಲ್ಫಾ ಬರೆದರೆ ಈಗ ಪರದೆ ಕೆಂಪಾಗುತ್ತದೆ. ಆದರೆ ಕೆಮ್ಮಿನ ಔಷಧಿ ಬರೆದರೂ ಕೆಂಪಾಗುತ್ತದೆ, ಆದ್ದರಿಂದ ಓದದೇ ಒತ್ತುವ ಚಟ ಬೆಳೆದಿದೆ. ರಾತ್ರಿ ಊಟವಾದ ಮೇಲೆ ಎರಡು ಗಂಟೆ ಟೈಪಿಂಗು, ಮನೆಯವಳ ಬಾಯಲ್ಲಿ ಅದಕ್ಕೆ 'ನಿಮ್ಮ ಸಂಧ್ಯಾವಂದನೆ' ಎಂದು ಹೆಸರು. ಆದರೂ ಆ ಶುಕ್ರವಾರದಂಥ ಸಂಜೆ ನನ್ನ ಬಳಗದಲ್ಲಿ ನನಗೆ ತಿಳಿದಂತೆ ಮತ್ತೆ ಬರಲಿಲ್ಲ.

ಅಣ್ಣ 2017ರಲ್ಲಿ ಹೋದರು. ತೋಟದ ಖಾತೆ ಈಗ ನಮ್ಮ ತಮ್ಮನ ಹೆಸರಿನಲ್ಲಿದೆ, ಮೂವತ್ತೊಂದು ಗುಂಟೆ ಸರಿಯಾಗಿದೆ. ಪಹಣಿಯನ್ನು ಡೆಲ್ ಮಾರ್‌ನಲ್ಲಿ ಕೂತು ಫೋನಿನಲ್ಲೇ ನೋಡುತ್ತೇನೆ. ಗ್ರಾಮಲೆಕ್ಕಿಗ ಎಂಬ ಹೆಸರೂ ಹೋಗಿ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ. ನಮ್ಮೂರಿನವರು ಇನ್ನೂ ಶಾನುಭೋಗರು ಎನ್ನುತ್ತಾರೆ.

2019ರಲ್ಲಿ ಒಂದು ಬೆಳಗ್ಗೆ ನನ್ನ ಪಟ್ಟಿಯಲ್ಲಿ ಆ ಹಿರಿಯ ವೈದ್ಯರ ಹೆಸರು ಕಂಡಿತು, ರೋಗಿಯಾಗಿ. ಕೋಣೆಗೆ ಹೋಗುವ ಮುಂಚೆ ಎರಡು ನಿಮಿಷ ಹೊರಗೇ ನಿಂತಿದ್ದೆ. ಒಳಗೆ ಹೋದರೆ ಅವರು ಆಗಲೇ ಕನ್ನಡಕ ಹಾಕಿಕೊಂಡು ತಮ್ಮ ಕಡೆಯ ಪರದೆಯನ್ನು ಓದುತ್ತಿದ್ದರು.

"ಇಲ್ಲಿ ತಪ್ಪಿದೆ" ಎಂದರು. "ನಾನು ಸಿಗರೇಟು ಬಿಟ್ಟದ್ದು 1984ರಲ್ಲಿ. 1994 ಎಂದು ಯಾರು ಬರೆದರು?"

ದಾಖಲೆ ತೆರೆದು ನೋಡಿದೆ. ಬರೆದವನು ನಾನೇ, 2012ರಲ್ಲಿ, ಅವರ ಕಾಗದದ ಚಾರ್ಟಿನಿಂದ. ಹೇಳಿದೆ. ಅವರು ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು.

"ಸರಿ, ತಿದ್ದು. ನಾನು ನೋಡುತ್ತಿರುತ್ತೇನೆ."